ಸೋಲ್ಜರ್ ಕನಕಪ್ಪ ಮತ್ತು ಒಂದು ಚಿಟಿಕಿ ಉಪ್ಪು

ನಮ್ಮೂರಿನ ಕನಕಪ್ಪ ಮಿಲ್ಟ್ರಿಯಲ್ಲಿದ್ದ ಕಾಲಕ್ಕೆ ವರ್ಷಕ್ಕೆ ಎರಡು ತಿಂಗಳು ರಜೆಗೆ ಬರುತ್ತಿದ್ದ. ಬಂದವನು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಮೀಸೆಗೆ ಎಣ್ಣೆ ಹಚ್ಚುತ್ತಿದ್ದ. ಮಧ್ಯಾಹ್ನ ಉಣ್ಣಲು ಕೂತು, ಎರಡು ತುತ್ತು ಉಂಡು, ತಾಟನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ದೂಡಿ, "ಉಪ್ಪು ಒಂದು ಚಿಟಿಕಿ ಕಡಿಮಿ ಆಗೇತಿ" ಎನ್ನುತ್ತಿದ್ದ. ಆಮೇಲೆ ಅದೇ ತಾಟನ್ನು ಹತ್ತಿರಕ್ಕೆ ಎಳೆದುಕೊಂಡು ಪೂರ್ತಿ ಉಣ್ಣುತ್ತಿದ್ದ. ಇದಿಷ್ಟೇ ಅವನ ದಿನಚರಿ.

ಹೀಗೆ ತಾಟು ದೂಡಿಸಿಕೊಳ್ಳುತ್ತಿದ್ದವಳು ಅವನ ಹೆಂಡತಿ ಶಾಂತಕ್ಕ. ಆಕೆ ನಮ್ಮೂರ ಸಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳು. ನೂರಾ ಎಂಬತ್ತು ಮಕ್ಕಳು ಆಕೆಯ ಸಾರು ಸುರಿದು ಉಂಡು, ತಾಟು ನೆಕ್ಕಿ, ತೊಳೆಯುವ ಕೆಲಸವನ್ನೂ ಅರ್ಧ ಮುಗಿಸಿಡುತ್ತಿದ್ದರು. ತಪಾಸಣೆಗೆ ಬರುವ ಸಾಹೇಬರು ತಪಾಸಣೆಯನ್ನು ಬೇಗ ಮುಗಿಸಿ ಊಟವನ್ನು ನಿಧಾನಕ್ಕೆ ಮಾಡುತ್ತಿದ್ದರು. ಭೂಮಿಯ ಮೇಲೆ ಆಕೆಯ ಅಡುಗೆಗೆ ಕೊರತೆ ಹೇಳಿದ ಏಕೈಕ ಪ್ರಾಣಿ ಕನಕಪ್ಪ.

"ಒಲಿ ಮುಂದ ಹತ್ತು ನಿಮಿಷ ಕುಂತು ನೋಡ್ರಿ, ಆಗ ಗೊತ್ತಾಕ್ಕೈತಿ" ಎಂದು ಶಾಂತಕ್ಕ ಒಮ್ಮೊಮ್ಮೆ ಸಿಡುಕುತ್ತಿದ್ದಳು.

"ನನಗ್ಯಾಕ ಒಲಿ ತೋರಸ್ತಿ? ನಾ ರಜಾಕ್ಕ ಬಂದೀನಿ. ರಜಾ ಅಂದ್ರ ರಜಾ" ಎನ್ನುತ್ತಿದ್ದ ಕನಕಪ್ಪ.

ಪಕ್ಕದ ಮನೆಯ ಶೇಖರಮ್ಮ ಗೋಡೆಯಾಚೆಯಿಂದಲೇ ಪಂಚಾಯ್ತಿ ಮಾಡುತ್ತಿದ್ದಳು. "ಸುಮ್ಕಿರವ್ವಾ ಶಾಂತಾ. ಗುಂಡಿನ ಎದುರು ಎದಿ ಕೊಟ್ಟು ನಿಂತ ಗಂಡಸು, ಒಂದು ಚಿಟಿಕಿ ಉಪ್ಪಿಗೆ ಸಿಟ್ಟಾದ್ರ ತಪ್ಪೇನು?"

ಕನಕಪ್ಪ ಗುಂಡಿನ ಎದುರು ನಿಂತಿದ್ದಾನೆಂದು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ಶಾಂತಕ್ಕನ ಅಪ್ಪ, "ಮಿಲ್ಟ್ರಿಯೊಳಗ ಏನ್ ಕೆಲ್ಸ ತಮ್ಮಾ?" ಎಂದು ಕೇಳಿದ್ದ. ಕನಕಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನ ಸೋದರಮಾವ, "ಸೋಲ್ಜರ್!" ಎಂದುಬಿಟ್ಟ.

"ಅಂದ್ರ?"

"ಅಂದ್ರ ಬಂದೂಕ ಹಿಡದು ಢಂ ಅಂತ ಹೊಡ್ಯಾಂವ."

ಹೆಣ್ಣಿನ ಅಪ್ಪ ಆನಂದದಿಂದ ಇನ್ನೊಂದು ತಾಟು ಮಂಡಕ್ಕಿ ಸೂಸಲಾ ತರಿಸಿದ. ಬಾಯಿ ತುಂಬ ಮಂಡಕ್ಕಿ ಇದ್ದವನು ಮಾತಾಡುವುದು ಹೇಗೆ? ಕನಕಪ್ಪ ಸುಮ್ಮನಾದ. ಮಂಡಕ್ಕಿ ನುಂಗಿದ ಮೇಲೂ ಹದಿನೆಂಟು ವರ್ಷ ಸುಮ್ಮನೇ ಇದ್ದ.

ಹಾಗೆಂದು ಅವನು ಸುಳ್ಳುಗಾರನಲ್ಲ. ನಿಜವನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ, ಅಷ್ಟೆ. ಶಫೀಸಾಬನ ಚಹಾದಂಗಡಿಯಲ್ಲಿ ಮಂದಿ ಸುತ್ತುವರಿದು ಕೇಳಿದರೆ ಗಂಭೀರವಾಗಿ ಹೇಳುತ್ತಿದ್ದ.

"ಮುಂಜಾನೆ ಮೂರೂವರಿಗೆ ಏಳಬೇಕ್ರಿ. ಒಮ್ಮೆ ಬೆಂಕಿ ಮುಂದ ನಿಂತ್ವಿ ಅಂದ್ರ ಹಿಂದ ನೋಡಂಗಿಲ್ಲ. ನೂರಿಪ್ಪತ್ತು ಮಂದಿ ಒಮ್ಮಿಗೇ ನುಗ್ಗತಾರ. ಒಬ್ಬಾಂವನ್ನೂ ಹಂಗ ವಾಪಸ್ ಕಳಸಂಗಿಲ್ಲ."

ಶಫೀಸಾಬನ ಕೈಯಲ್ಲಿನ ಚಹಾ ತುಳುಕುತ್ತಿತ್ತು. "ಯಾ ಅಲ್ಲಾ! ನೂರಿಪ್ಪತ್ತು! ನೀವು ಎಷ್ಟು ಮಂದಿ ಇರ್ತಿದ್ರಿ?"

"ಇಬ್ರು. ಒಬ್ಬಾಂವ ರಜಾ ಹಾಕಿದ್ರ ನಾ ಒಬ್ಬನ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನಗೆ ಇದು ತಿಳಿದದ್ದು ಬಹಳ ತಡವಾಗಿ. ನಿಮ್ಮನ್ನು ಯಾಕೆ ಕಾಯಿಸಲಿ? ಕನಕಪ್ಪ ಇಪ್ಪತ್ತೆರಡು ವರ್ಷ ಮಿಲ್ಟ್ರಿಯಲ್ಲಿ ಅಡುಗೆ ಮಾಡಿದ್ದ.

ನಾನು ಸುಭಾಷ್, ಊರಿನ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕ. ಗ್ರಂಥಾಲಯದಲ್ಲಿ ಒಂಬೈನೂರು ಪುಸ್ತಕ, ಒಂದು ಫ್ಯಾನು, ಒಂದು ಇಂಗ್ಲಿಷ್-ಕನ್ನಡ ನಿಘಂಟು ಇವೆ. ಮಂದಿ ಫ್ಯಾನಿಗಾಗಿ ಬರುತ್ತಾರೆ. ನಿಘಂಟಿಗಾಗಿ ಬಂದ ಮೊದಲ ಮನುಷ್ಯ ಶಾಂತಕ್ಕನ ತಮ್ಮ ಗೋವಿಂದರಾಜ, ಪಂಚಾಯ್ತಿ ಸದಸ್ಯ. ಕನಕಪ್ಪ ಜೂನ್ ಕೊನೆಗೆ ನಿವೃತ್ತನಾಗಿ ಬರುವವನಿದ್ದ. ಈಗ ನಮ್ಮ ಕಡೆ ಮಿಲ್ಟ್ರಿಯಿಂದ ನಿವೃತ್ತನಾಗಿ ಬಂದವನನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡದಿದ್ದರೆ ಊರಿಗೆ ಅವಮಾನ. ಪಕ್ಕದ ಊರಿನವರು ಹಿಂದಿನ ತಿಂಗಳಷ್ಟೇ ತಮ್ಮವನನ್ನು ಮೆರೆಸಿ, "ಮಾಜಿ ಯೋಧ" ಎಂದು ಫ್ಲೆಕ್ಸ್ ಹಾಕಿದ್ದರು.

"ಅವರು ಕನ್ನಡದಾಗ ಹಾಕ್ಯಾರ. ಅದಕ್ಕ ನಮ್ದು ಇಂಗ್ಲಿಷ್ ಇರಬೇಕು. ಶಬ್ದ ನೋಡ್ರಿ ಸುಭಾಷಣ್ಣ" ಎಂದ ಗೋವಿಂದರಾಜ. ಜೊತೆಗೆ ಬಂದಿದ್ದ ಕನಕಪ್ಪನ ಮಗಳು ಅನುಷಾ ಪಿಯುಸಿ ಓದುವವಳು. ಅವಳು ಒಂದೊಂದೇ ಸೂಚಿಸಿದಳು.

"ಮಾಮಾ, ಎಕ್ಸ್-ಸರ್ವಿಸ್‌ಮನ್ ಅಂತ ಹಾಕ್ಸು."

"ಬ್ಯಾಡ. ಸರ್ವಿಸ್ ಅಂದ್ರ ಮಂದಿ ಬೋರ್‌ವೆಲ್ ಮೋಟಾರ್ ಬಿಚ್ಚಾಂವ ಅನ್ಕೋತಾರ."

"ವೆಟರನ್?"

"ಅದು ದನದ ಡಾಕ್ಟರ್ ಅಲ್ಲೇನು?"

ಕೊನೆಗೆ ಊರಿಗೆ ಪರಿಚಯವಿದ್ದ "ಸೋಲ್ಜರ್" ಶಬ್ದವೇ ಗಟ್ಟಿಯಾಯಿತು. ನಾನು ಕನ್ನಡಕ ಏರಿಸಿ ಓದಿದೆ: "ಸೋಲ್ಜರ್. ಸೈನ್ಯದಲ್ಲಿ ಸೇವೆ ಸಲ್ಲಿಸುವ ವ್ಯಕ್ತಿ."

"ಅಷ್ಟನ? ಬಂದೂಕ ಎಲ್ಲೈತಿ?"

"ಬಂದೂಕು ಬರದಿಲ್ಲಪಾ."

"ಗುಂಡು?"

"ಗುಂಡೂ ಇಲ್ಲ."

"ಕೆಳಗ ನೋಡ್ರಿ, ಇನ್ನೊಂದು ಅರ್ಥ ಇರ್ತೈತಿ."

"ಕೆಳಗ ಬ್ಯಾರೆ ಶಬ್ದ ಐತಿ."

ಗೋವಿಂದರಾಜ ನಿಘಂಟನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ ವಾಪಸು ಕೊಟ್ಟ. "ಹಳೀ ಡಿಕ್ಷನರಿ ಐತ್ರಿ ಇದು. ಹೊಸಾದ್ರಾಗ ಬಂದೂಕ ಇರ್ತೈತಿ" ಎಂದು ತೀರ್ಪು ಕೊಟ್ಟು ಹೋದ. ಇಪ್ಪತ್ತು ವರ್ಷ ಧೂಳು ಹೊಡೆದು ಕಾಪಾಡಿದ ನಿಘಂಟು. ನನಗೆ ಆ ದಿನ ಊಟ ಸೇರಲಿಲ್ಲ.

ಬಂದೂಕು ನಿಘಂಟಿನಲ್ಲಿ ಸಿಗದಿದ್ದರೇನು, ಫ್ಲೆಕ್ಸಿನಲ್ಲಿ ಬಂತು. ಕುಷ್ಟಗಿಯಲ್ಲಿ ಮಾಡಿಸಿ ತಂದ ಆ ಇಪ್ಪತ್ತು ಅಡಿ ಫ್ಲೆಕ್ಸಿನಲ್ಲಿ ಯಾವನೋ ದಾಂಡಿಗನ ಮೈಗೆ ಕನಕಪ್ಪನ ರೇಶನ್ ಕಾರ್ಡಿನ ಮುಖ ಕೂರಿಸಿದ್ದರು. ಎರಡೂ ಕೈಯಲ್ಲಿ ಒಂದೊಂದು ಮಷಿನ್ ಗನ್. ಹಿಂದೆ ನಾಲ್ಕು ಟ್ಯಾಂಕು, ಮೇಲೆ ಹೆಲಿಕಾಪ್ಟರ್, ಜಾಗ ಉಳಿದದ್ದಕ್ಕೆ ಒಂದು ಸಿಂಹ. ಕೆಳಗೆ ಶುಭಾಶಯ ಕೋರುವ ಗೋವಿಂದರಾಜನ ಫೋಟೊ, ಸಿಂಹಕ್ಕಿಂತ ದೊಡ್ಡದು.

ಕನಕಪ್ಪ ತಳಕಲ್ ಸ್ಟೇಷನ್ನಿನಲ್ಲಿ ಟ್ರಂಕು ಹಿಡಿದು ಇಳಿದವನು ಆ ಫ್ಲೆಕ್ಸ್ ನೋಡಿ ಮತ್ತೆ ರೈಲು ಹತ್ತಲು ಹೋದ. ಹುಡುಗರು ಹಿಡಿದು ಜೀಪಿಗೆ ಏರಿಸಿದರು. ಜೆಸಿಬಿಯ ಬುಟ್ಟಿಯಿಂದ ಚೆಂಡುಹೂವು ಸುರಿದರು. ಪಲ್ಟನ್ನಿನವರು ಬೀಳ್ಕೊಡುವಾಗ ಕೊಟ್ಟಿದ್ದ ಹಿತ್ತಾಳೆ ಫಲಕವೊಂದು ಅವನ ಕಂಕುಳಲ್ಲಿತ್ತು. ಗೋವಿಂದರಾಜ ಅದನ್ನು ಕಸಿದುಕೊಂಡು ಹಿಂದಿ ಅಕ್ಷರಗಳನ್ನು ಕಷ್ಟಪಟ್ಟು ಕೂಡಿಸಿ ಓದಿದ. "ಲಂಗರ್ ಕಮಾಂಡರ್! ಮಾವ, ನೀ ಕಮಾಂಡರ್ ಅಂತ ಒಮ್ಮೆನೂ ಹೇಳಲೇ ಇಲ್ಲಲ್ಲ!"

"ಗೋವಿಂದಾ, ಅದು ಹಂಗಲ್ಲ..."

"ಲಂಗರ್ ಅಂದ್ರ ಗಡಿಯಾಗಿನ ಊರಿರಬೇಕು" ಎಂದು ಶಫೀಸಾಬ ಊಹಿಸಿದ. ಗೋವಿಂದರಾಜ ಮೈಕ್ ಹಿಡಿದು, "ಲಂಗರ್ ಗಡಿಯ ವೀರ ಕಮಾಂಡರ್, ಸೋಲ್ಜರ್ ಕನಕಪ್ಪನವರಿಗೆ" ಎಂದ. ಊರು "ಜೈ" ಎಂದಿತು. ಕನಕಪ್ಪ ಕೈ ಮುಗಿದುಕೊಂಡೇ ಊರು ಸುತ್ತಿದ. ಅಷ್ಟು ವಿನಯವಂತ ಕಮಾಂಡರನನ್ನು ಯಾರೂ ಕಂಡಿರಲಿಲ್ಲ.

ಕಮಾಂಡರ್ ಊರಲ್ಲಿದ್ದ ಮೇಲೆ ಕೆಲಸ ಕೊಡದೆ ಬಿಡುತ್ತಾರೆಯೇ? ಜುಲೈನಲ್ಲಿ ಒಂದು ಮುಂಜಾನೆ ಶೇಖರಮ್ಮನ ದಾಳಿಂಬೆ ತೋಟಕ್ಕೆ ಕರಡಿ ನುಗ್ಗಿತು. ನಮ್ಮ ಕಡೆಯ ಗುಡ್ಡಗಳಲ್ಲಿ ಕರಡಿ ಹೊಸದಲ್ಲ. ಅರಣ್ಯದವರಿಗೆ ಫೋನ್ ಮಾಡಿದರೆ ಬರಲು ಎರಡು ತಾಸು ಎಂದರು. ಮಂದಿ ಓಡಿಹೋಗಿ ಕನಕಪ್ಪನನ್ನು ಬನಿಯನ್ನಿನಲ್ಲೇ ಎಳೆದು ತಂದು ತೋಟದ ಬೇಲಿಗೆ ನಿಲ್ಲಿಸಿ, ತಾವು ಮೂವತ್ತು ಮಾರು ಹಿಂದೆ ನಿಂತರು.

ಕರಡಿ ದಾಳಿಂಬೆ ಬಾಯಲ್ಲಿಟ್ಟುಕೊಂಡು ಅವನನ್ನು ನೋಡಿತು. ಅವನು ಕರಡಿಯನ್ನು ನೋಡಿದ. ಗಾಬರಿಯಲ್ಲಿ ಅವನ ಕೈ ಕೂಲಿಯವರ ಬುತ್ತಿಯ ಗಂಟಿಗೆ ಹೋಗಿ ಒಂದು ತಾಟು, ಒಂದು ಸೌಟು ಸಿಕ್ಕವು. ಇಪ್ಪತ್ತೆರಡು ವರ್ಷ ಮೂರು ಹೊತ್ತು ಪಲ್ಟನ್ನನ್ನು ಊಟಕ್ಕೆ ಕರೆದ ಕೈ ತಾನಾಗಿ ಬಡಿಯಿತು: ಟಣ್ ಟಣಾಟಣ್ ಟಣ್! ಟಣ್ ಟಣಾಟಣ್ ಟಣ್! ಊಟಕ್ಕೆ ಬಾ ಎಂಬ ಆ ಕರೆ ಕರಡಿಗೆ ಹೇಗೆ ಕೇಳಿಸಿತೋ, ದಾಳಿಂಬೆ ಉಗುಳಿ ಗುಡ್ಡ ಹತ್ತಿತು.

"ಮಿಲ್ಟ್ರಿ ತಂತ್ರ!" ಎಂದಳು ಶೇಖರಮ್ಮ, ಕಣ್ಣಲ್ಲಿ ನೀರು ತಂದುಕೊಂಡು. ಸಂಜೆಗೆ ಊರಿನ ಹುಡುಗರೆಲ್ಲ ಮನೆಮನೆಯ ತಾಟು ಬಡಿಯುತ್ತಿದ್ದರು.

ಆಗಸ್ಟ್ ಎರಡನೆಯ ವಾರ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಕನಕಪ್ಪ ಬಂದು, ಸ್ವಾತಂತ್ರ್ಯೋತ್ಸವದ ಆಮಂತ್ರಣ ಪತ್ರಿಕೆಯನ್ನು ನನ್ನ ಮುಂದಿಟ್ಟ. "ವೀರ ಸೋಲ್ಜರ್ ದಂಪತಿಗೆ ಸನ್ಮಾನ. ಮುಖ್ಯ ಅತಿಥಿ: ನಿವೃತ್ತ ಸುಬೇದಾರ್ ರಫೀ, ಕನಕಗಿರಿ."

"ಸುಭಾಷಣ್ಣ, ಮುಳುಗಿದೆ. ಈ ರಫೀ ಸಾಹೇಬ ನನ್ನ ಪಲ್ಟನ್ನಿನಾಂವ. ಹನ್ನೊಂದು ವರ್ಷ ನನ್ನ ಕೈಲೆ ಉಂಡಾನ."

"ನಿನ್ನ ಕೈಲೆ ಯಾಕ ಉಂಡ? ಅವಂಗ ಕೈ ಇರಲಿಲ್ಲೇನು?"

ಆಗ ಕನಕಪ್ಪ ಎಲ್ಲ ಹೇಳಿದ. ನಾನು ನಕ್ಕೆ, ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ. "ಊರಾಗ ಮರ್ಯಾದಿ ಹೋಗ್ತೈತಿ ಅಂತ ಹೆದರೀಯೇನು?" ಎಂದು ಕೇಳಿದೆ.

"ಊರು ಎರಡು ದಿನ ನಕ್ಕು ಮರೀತೈತಿ. ಶಾಂತಾ ಮರಿಯಾಕಿ ಅಲ್ಲ. ನೂರಿಪ್ಪತ್ತು ಮಂದಿಗೆ ಮೂರು ಹೊತ್ತು ಬೇಸಿ ಹಾಕಾಂವ ನಾ, ಮನಿಯಾಗ ಒಂದು ಕಪ್ ಚಹಾ ಕಾಸಿಲ್ಲ. ಅಕಿ ಜ್ವರ ಬಂದು ಮಲಗಿದಾಗೂ ಶೇಖರಮ್ಮನ ಮನಿಯಿಂದ ರೊಟ್ಟಿ ತರಿಸೀನಿ. ಮ್ಯಾಲೆ ಹದಿನೆಂಟು ವರ್ಷ ತಾಟು ದೂಡೀನಿ. ಇದು ಗೊತ್ತಾದ್ರ ಅಕಿ ನನ್ನ ಮಾರಿ ನೋಡತಾಳೇನು?"

ನನಗೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಗ್ರಂಥಪಾಲಕನ ಘನತೆಗೆ ತಕ್ಕಂತೆ ಬಹಳ ಹೊತ್ತು ಯೋಚಿಸಿ, ಜ್ವರ ಬಂದವನಂತೆ ಮಲಗಲು ಹೇಳಿದೆ.

ಹದಿನಾಲ್ಕನೇ ತಾರೀಖು ಅವನು ಕಂಬಳಿ ಹೊದ್ದು ಮಲಗಿದ. ಶಾಂತಕ್ಕ ಮೆಣಸಿನ ಕಷಾಯ ಕುಡಿಸಿದಳು; ಅದರ ಖಾರಕ್ಕೆ ನಿಜವಾದ ಜ್ವರವೂ ಓಡಿಹೋಗಬೇಕು, ಸುಳ್ಳು ಜ್ವರದ ಪಾಡೇನು. ಗೋವಿಂದರಾಜ ಬಂದು ಕಂಬಳಿ ಎತ್ತಿ ನೋಡಿ, "ಸೋಲ್ಜರ್‌ಗೆ ಜ್ವರ ಬರಂಗಿಲ್ಲ ಮಾವ. ಬಂದ್ರೂ ಮಂಚ ಸಮೇತ ಹೊತ್ಕೊಂಡು ಹೋಗ್ತೀವಿ. ಮಂದಿ ಇನ್ನಷ್ಟು ಕಣ್ಣೀರು ಹಾಕ್ತಾರ" ಎಂದ. ಕನಕಪ್ಪ ಮಂಚ ಬಿಟ್ಟೆದ್ದ.

ಮರುದಿನ ಅವನು ಸಾಲೆಗೆ ಬಂದ ಅವತಾರವೇ ಬೇರೆ: ತಲೆಗೆ ರುಮಾಲು, ಕಣ್ಣಿಗೆ ಕಪ್ಪು ಕನ್ನಡಕ, ಮೂಗು ಬಾಯಿಗೆ ಮಾಸ್ಕು. ಜ್ವರದ ಸೋಂಕು ಬೇರೆಯವರಿಗೆ ತಗುಲಬಾರದೆಂಬ ನೆಪ. ಧ್ವಜಾರೋಹಣವಾಯಿತು. ಸುಬೇದಾರ್ ರಫೀ ಎತ್ತರದ ಆಳು, ಬೆಳ್ಳನೆಯ ಗಡ್ಡ. ವೇದಿಕೆಯ ಆ ತುದಿಯಲ್ಲಿ ಕೂತು ಈ ತುದಿಯ ಮುಸುಕುಧಾರಿಯನ್ನು ಎರಡು ಸಲ ನೋಡಿ ಸುಮ್ಮನಾದ. ಗುರುತು ಹತ್ತಲಿಲ್ಲ; ಹೆಸರು ಕೇಳಿ ಹಿಡಿಯೋಣವೆಂದರೆ ನಮ್ಮ ಕಡೆ ಮನೆಗೊಬ್ಬ ಕನಕಪ್ಪ. ಕೆಳಗೆ ಕೂತಿದ್ದ ನನಗೆ ಕನಕಪ್ಪ ಹೆಬ್ಬೆರಳು ಎತ್ತಿ ತೋರಿಸಿದ. ಇನ್ನರ್ಧ ತಾಸು ಕಳೆದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು.

ಆ ದಿನ ಮುನ್ನೂರು ಮಂದಿಯ ಊಟ. ಸಾಲೆಯ ಅಡುಗೆ ಕೋಣೆ ಸಾಲದೆ ವೇದಿಕೆಯ ಹಿಂದೆ ಕಲ್ಲು ಹೂಡಿ ಒಲೆ ಮಾಡಿದ್ದರು. ಅನ್ನ ಇಳಿದಿತ್ತು. ಸಾರಿಗೆ ಉಪ್ಪು, ಒಗ್ಗರಣೆ ಬಾಕಿ. ದೊಡ್ಡ ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಶಾಂತಕ್ಕ ಬೆಲ್ಲ ಹಾಕಿ ತಿರುವುತ್ತಿದ್ದಾಗ ಗೋವಿಂದರಾಜ ಮೈಕಿನಲ್ಲಿ ಕೂಗಿದ: "ವೀರ ಸೋಲ್ಜರ್‌ನ ವೀರಪತ್ನಿ ವೇದಿಕೆಗೆ ಬರಬೇಕು!"

ಆಕೆ ಸೆರಗಿಗೆ ಕೈ ಒರೆಸುತ್ತ ಬಂದು, "ಹುಗ್ಗಿ ಒಲಿ ಮ್ಯಾಲೈತೋ ಗೋವಿಂದಾ. ಕೈ ಬಿಟ್ರ ತಳ ಹಿಡೀತೈತಿ" ಎಂದಳು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಎರಡ ನಿಮಿಷ ಅಕ್ಕಾ. ಮಹೇಶ್ವರಿ ನೋಡ್ಕೋತಾಳ."

ಸಹಾಯಕಿ ಮಹೇಶ್ವರಿ ಆಗಲೇ ಸೌಟು ಬಿಟ್ಟು ಸನ್ಮಾನ ನೋಡಲು ಮುಂದಿನ ಸಾಲಿಗೆ ಬಂದು ನಿಂತಿದ್ದಳು. ಗೋವಿಂದರಾಜ ಅಕ್ಕನಿಗೆ ಶಾಲು ಹೊದಿಸಿ, ಶಾಲಿನ ಎರಡೂ ತುದಿ ಬಿಗಿಯಾಗಿ ಹಿಡಿದುಕೊಂಡು ಭಾಷಣ ಶುರು ಮಾಡಿದ. ಲಂಗರ್ ಗಡಿಯ ಹಿಮದಿಂದ ಆರಂಭಿಸಿ, ನೂರಿಪ್ಪತ್ತು ವೈರಿಗಳನ್ನು ದಾಟಿ, ಕರಡಿಯ ಹತ್ತಿರ ಬರುವಾಗ ಹಿಂದಿನಿಂದ ಸಣ್ಣಗೆ ವಾಸನೆ ಬಂತು.

ಮೊದಲು ಮೂಗರಳಿಸಿದವಳು ಶಾಂತಕ್ಕ. ಶಾಲು ಬಿಡಿಸಿಕೊಳ್ಳಲು ನೋಡಿದಳು. ತಮ್ಮ ಬಿಡಲಿಲ್ಲ, ಕರಡಿ ಇನ್ನೂ ಓಡಿರಲಿಲ್ಲ. ಆಕೆಯ ಕಣ್ಣು ತುಂಬಿಬಂದವು. ಹನ್ನೆರಡು ವರ್ಷದಲ್ಲಿ ಆಕೆಯ ಒಲೆಯ ಮೇಲೆ ಒಂದು ಕಾಳು ಸೀದಿರಲಿಲ್ಲ. ಇವತ್ತು ಮುನ್ನೂರು ಮಂದಿಯ ಎದುರು, ಸಾಹೇಬರ ಎದುರು ಸೀಯುತ್ತಿತ್ತು.

ಮಾಸ್ಕಿನೊಳಗಿನ ಮೂಗಿಗೂ ಆ ವಾಸನೆ ತಲುಪಿತು. ಕನಕಪ್ಪ ರಫೀಯನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಆಮೇಲೆ ಕನ್ನಡಕ ಒಂದು ಕಡೆ, ರುಮಾಲು ಒಂದು ಕಡೆ, ಮಾಸ್ಕು ಒಂದು ಕಡೆ ಎಸೆದು ವೇದಿಕೆಯ ಹಿಂದಕ್ಕೆ ಜಿಗಿದ.

"ಕಟಿಗಿ ಎಳೀರಿ! ಎಲ್ಲಾ ಎಳೀರಿ!" ಅವನ ಗಂಟಲು ಅಷ್ಟು ದೊಡ್ಡದೆಂದು ಅಂದೇ ನಮಗೆ ಗೊತ್ತಾದದ್ದು. "ಮಹೇಶ್ವರಿ, ಸೌಟು ತಳಕ್ಕ ಇಳಸಬ್ಯಾಡ! ಕೆದರಿದ್ರ ಪೂರಾ ಕೆಡ್ತೈತಿ! ಖಾಲಿ ಪಾತೇಲಿ ತರ್ರಿ. ಮ್ಯಾಲಿನದು ಮ್ಯಾಲಿಂದ ತಗೀರಿ. ಸ್ಟೋರಿನಾಗ ರವಾ ಐತೇನು? ಹುಗ್ಗಿ ಕಡಿಮಿ ಬಿದ್ದೋರಿಗೆ ಶಿರಾ. ಗೋವಿಂದಾ, ಭಾಷಣ ಸಾಕು, ಯಾಲಕ್ಕಿ ಕುಟ್ಟು!"

ಗೋವಿಂದರಾಜ ಮೈಕ್ ಇಟ್ಟು ಯಾಲಕ್ಕಿ ಕುಟ್ಟಿದ. ಕಮಾಂಡರನ ಮಾತು ಮೀರುವುದು ಹೇಗೆ? ಕನಕಪ್ಪ ಒಂದು ಕೈಯಲ್ಲಿ ರವೆ ಹುರಿದ, ಇನ್ನೊಂದು ಕೈಯಲ್ಲಿ ಸಾರಿಗೆ ಒಗ್ಗರಣೆ ಕೊಟ್ಟ. ಉಪ್ಪನ್ನು ಅಂಗೈಯಲ್ಲಿ ಹಿಡಿದು, ಅಳೆಯದೆ, ನೋಡದೆ ಎಸೆದ. ಶಾಂತಕ್ಕ ಶಾಲು ಹೊದ್ದುಕೊಂಡೇ ವೇದಿಕೆಯಿಂದ ಇಳಿದು ಬಂದು, ಎರಡು ಮಾರು ದೂರದಲ್ಲಿ ನಿಂತು ಅದನ್ನೆಲ್ಲ ನೋಡಿದಳು.

ನಲವತ್ತು ನಿಮಿಷದಲ್ಲಿ ಎಲ್ಲ ಸಿದ್ಧ. ಕನಕಪ್ಪ ಬೆವರೊರೆಸಿಕೊಂಡು, ಮೈಮರೆತು, ಒಂದು ತಾಟು ಎತ್ತಿ ಸೌಟಿನಿಂದ ಬಡಿದ. ಟಣ್ ಟಣಾಟಣ್ ಟಣ್!

ವೇದಿಕೆಯ ಮೇಲೆ ಸುಬೇದಾರ್ ರಫೀ ಚಂಗನೆ ಎದ್ದ. ಅವನ ಕಾಲುಗಳು ಅವನನ್ನು ಕೇಳಲಿಲ್ಲ. ಇಳಿದು, ನಡೆದು, ತಾಟು ಹಿಡಿದು ಪಾಳಿಯಲ್ಲಿ ಮೊದಲಿಗನಾಗಿ ನಿಂತ ಮೇಲೆ ಅವನಿಗೆ ಎಚ್ಚರವಾಯಿತು. ಎದುರಿನ ಮುಖ ನೋಡಿದ.

"ಅರೇ! ನಮ್ಮ ಲಂಗರ್ ಕಮಾಂಡರ್!" ಎಂದು ತಾಟು ಸಮೇತ ತಬ್ಬಿಕೊಂಡ.

ಊರಿನವರಲ್ಲಿ ಗದ್ದಲವೆದ್ದಿತು. ಗೋವಿಂದರಾಜ ಯಾಲಕ್ಕಿಯ ಕಲ್ಲು ಹಿಡಿದೇ ಬಂದ. "ಸಾಹೇಬ್ರ, ಆ ಲಂಗರ್ ಗಡಿ ಎಲ್ಲಿ ಬರ್ತೈತ್ರಿ?"

"ಗಡಿ? ಮಿಲ್ಟ್ರಿಯೊಳಗ ಅಡಿಗಿ ಮನಿಗೆ ಲಂಗರ್ ಅಂತಾರಪಾ. ಅದರ ಉಸ್ತುವಾರಿ ಇವಂದು. ಅದಕ್ಕ ಪಲ್ಟನ್ನಿನಾಗ ಲಂಗರ್ ಕಮಾಂಡರ್ ಅಂತಿದ್ವಿ."

ಗೋವಿಂದರಾಜನ ಮುಖ ಸೀದ ಹುಗ್ಗಿಯ ಬಣ್ಣಕ್ಕೆ ತಿರುಗಿತು. "ಹಂಗಂದ್ರ... ನಮ್ಮ ಮಾವ ಸೋಲ್ಜರ್ ಅಲ್ಲ? ಇಪ್ಪತ್ತು ಅಡಿ ಫ್ಲೆಕ್ಸ್ ಐತಲ್ರಿ!"

ಸುಬೇದಾರನ ಹುಬ್ಬು ಗಂಟಾದವು. "ಯಾರಂದ್ರು ಅಲ್ಲಾಂತ? ಇವನ ಡಿಸ್ಚಾರ್ಜ್ ಪುಸ್ತಕ ತಗದು ನೋಡು, ಮೊದಲ ಸೋಲ್ಜರ್ ಅಂತ ಬರದಾರ, ಆಮ್ಯಾಲ ಕಸಬು. ನಮ್ಮಂಗ ಇವನೂ ಪರೇಡ್ ಮಾಡ್ಯಾನ, ಬಂದೂಕ ಕಲ್ತಾನ, ಅದ ಪ್ರಮಾಣ ತಗೊಂಡಾನ. ಒಂದು ಚಳಿಗಾಲ, ಸೊಂಟಮಟ ಹಿಮ. ಮ್ಯಾಲಿನ ಪೋಸ್ಟಿನಾಗ ನಾವು ಒಂಬತ್ತು ಮಂದಿ ಎರಡು ದಿನ ಬಿಸ್ಕೀಟ್ ತಿಂದು ಕುಂತಿದ್ವಿ. ಮೂರನೇ ದಿನ ಈ ಮನಶ್ಯಾ ಬೆನ್ನಿಗೆ ಡಬ್ಬಿ ಕಟಗೊಂಡು ಏರಿ ಬಂದ. ದಾಲ್ ಇನ್ನೂ ಬೆಚ್ಚಗ ಇತ್ತು. ನಾವೆಲ್ಲಾ ಗಂಡಸರು ಅತ್ವಿ."

ನಾನು ಎದ್ದು ನ್ಯಾಯ ಕೇಳುವ ಹೊತ್ತು ಇದೇ ಎಂದು ತಿಳಿದು, ಗಂಟಲು ಸರಿಮಾಡಿಕೊಂಡೆ. "ನಿಘಂಟಿನಲ್ಲೂ ಅದೇ ಇದೆ. ಸೈನ್ಯದಲ್ಲಿ ಸೇವೆ ಸಲ್ಲಿಸುವ ವ್ಯಕ್ತಿ. ಬಂದೂಕು ಇಲ್ಲ. ಜೂನ್‌ನಲ್ಲೇ ಹೇಳಿದ್ದೆ" ಎಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ, ಆದರೆ ನಿಘಂಟಿನ ಮರ್ಯಾದೆ ಉಳಿಯಿತು.

ಗೋವಿಂದರಾಜ ಸ್ವಲ್ಪ ಲೆಕ್ಕ ಹಾಕಿ ಚೇತರಿಸಿಕೊಂಡ. "ಅಂತೂ ಕಮಾಂಡರ್ ಅನ್ನೋದು ಖರೇ ಆತಲ್ಲ!" ಎಂದ. ಊರು "ಜೈ" ಎಂದಿತು, ಮೆರವಣಿಗೆಯ ದಿನಕ್ಕಿಂತ ಜೋರಾಗಿ. ಶೇಖರಮ್ಮ ಮಾತ್ರ, "ಹಂಗಾರ ಆ ಕರಡಿನ್ನ ಊಟಕ್ಕ ಕರದಿದ್ದೇನೋ?" ಎಂದು ಕೇಳಿದಳು.

ಮಂದಿ ಕೂತು ಉಂಡರು. ಹುಗ್ಗಿಯಲ್ಲಿ ಸೀದ ವಾಸನೆ ಎಲ್ಲೋ ಒಂದು ಎಳೆ ಇತ್ತು, ಇದ್ದರೂ ಯಾರೂ ಬಿಡಲಿಲ್ಲ. ಸಾರನ್ನು ರಫೀ ಸಾಹೇಬ ನಾಲ್ಕು ಸಲ ಹಾಕಿಸಿಕೊಂಡ. ಕನಕಪ್ಪ ಮಾತ್ರ ಉಣ್ಣದೆ, ಒಲೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಶಾಂತಕ್ಕ ಅವನ ಹತ್ತಿರ ಬಂದಳು. ಸುತ್ತಲಿನ ನಾಲ್ಕು ಪಂಕ್ತಿ ಉಣ್ಣುವುದನ್ನು ನಿಲ್ಲಿಸಿದವು.

"ಹದಿನೆಂಟು ವರ್ಷ" ಎಂದಳು ಶಾಂತಕ್ಕ, ಮೆಲ್ಲಗೆ. ಕೂಗಿದ್ದರೇ ಚೆನ್ನಾಗಿತ್ತು. "ಒಂದು ಕಪ್ ಚಹಾ ಕಾಸಿ ಕೊಡಲಿಲ್ಲಲ್ರಿ."

"ತಪ್ಪಾತು ಶಾಂತಾ."

"ಖರೇ ಹೇಳ್ರಿ. ನನ್ನ ಅಡಿಗ್ಯಾಗ ಉಪ್ಪು ಕಡಿಮಿ ಇರ್ತಿತ್ತೇನು?"

ಕನಕಪ್ಪ ನಿಜವನ್ನು ಅರ್ಧಕ್ಕೆ ನಿಲ್ಲಿಸಲು ನೋಡಿದ. ಆಗಲಿಲ್ಲ. "ಒಂದು ದಿನಾನೂ ಕಡಿಮಿ ಇರಲಿಲ್ಲ. ಉಂಡಾಗೆಲ್ಲ ಅನಸ್ತಿತ್ತು, ನಾ ಇಪ್ಪತ್ತು ವರ್ಷ ತಿರುವಿದ್ರೂ ಇಷ್ಟು ಛಲೋ ಬರಂಗಿಲ್ಲ ಅಂತ. ಹೊಟ್ಟಿಕಿಚ್ಚಿಗೆ ದೂಡ್ತಿದ್ದೆ."

ಶಾಂತಕ್ಕನ ಮುಖದಲ್ಲಿ ಏನೋ ಬಂದು ಹೋಯಿತು. ನಗುವೋ ಅಳುವೋ ನಾನು ಹೇಳಲಾರೆ. ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. "ನೀಡ್ರಿ" ಎಂದಳು. ಕನಕಪ್ಪ ತಾಟಿಗೆ ಅನ್ನ ನೀಡಿ, ಸಾರು ಹಾಕಿ, ಮೊಳಕಾಲೂರಿ ಮುಂದೆ ಇಟ್ಟ. ಕರಡಿಯ ಮುಂದೆಯೂ ಅವನು ಅಷ್ಟು ಹೆದರಿರಲಿಲ್ಲ.

ಆಕೆ ಕಲಸಿಕೊಂಡು ಒಂದು ತುತ್ತು ಉಂಡಳು. ಇನ್ನೊಂದು ತುತ್ತು ಉಂಡಳು. ಆಮೇಲೆ ತಾಟನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ದೂಡಿದಳು.

"ಉಪ್ಪು ಒಂದು ಚಿಟಿಕಿ ಕಡಿಮಿ ಆಗೇತಿ."

ಕನಕಪ್ಪ ಅಟೆನ್ಷನ್‌ನಲ್ಲಿ ನಿಂತು, ಹಿಮ್ಮಡಿ ಹೊಡೆದು, ಉಪ್ಪಿನ ಡಬ್ಬಿ ತರಲು ಓಡಿದ.